ವೆಂಕಟಪ್ಪ ಗ್ಯಾಲರಿಯ ಗೋಡೆ ಯಾರಿಗೆ ಸಿಗಬೇಕು?

ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ, ಕಬ್ಬನ್ ಪಾರ್ಕಿನ ಅಂಚಿಗೆ, ಮೂರು ಕಟ್ಟಡಗಳು ಒಂದರ ಪಕ್ಕ ಒಂದು ನಿಂತಿವೆ. ಒಂದು ವಿಶ್ವೇಶ್ವರಯ್ಯ ಮ್ಯೂಸಿಯಂ. ಇನ್ನೊಂದು 1877ರ ಕೆಂಪು ಕಟ್ಟಡದಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯ. ಅದರ ಮಗ್ಗುಲಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ. ಮೊದಲನೆಯದಕ್ಕೆ ಶಾಲಾ ಮಕ್ಕಳ ಬಸ್ಸುಗಳು ಬರುತ್ತವೆ, ಎರಡನೆಯದಕ್ಕೆ ಊರು ನೋಡಲು ಬಂದವರು ಹೋಗುತ್ತಾರೆ. ಮೂರನೆಯದರ ಒಳಗೆ ಏನಿದೆ, ನಮ್ಮಂಥವರು ಹೋಗಬಹುದೇ ಎಂಬುದು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರಿಗೆ ಗೊತ್ತಿಲ್ಲ. ಆದರೆ ಕರ್ನಾಟಕದ ಯಾವುದಾದರೂ ಕಲಾಶಾಲೆಯಲ್ಲಿ ಓದಿದವರನ್ನು ಕೇಳಿ ನೋಡಿ. ‘ವೆಂಕಟಪ್ಪದಲ್ಲಿ ಶೋ’ ಎಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ಅನೇಕರ ಪಾಲಿಗೆ ಅದು ಬದುಕಿನ ಮೊದಲ ಪ್ರದರ್ಶನ.

2015ರಲ್ಲಿ ರಾಜ್ಯ ಸರ್ಕಾರ ಈ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ, ಅಂದರೆ ಅದನ್ನು ಅಭಿವೃದ್ಧಿಪಡಿಸಿ ನೋಡಿಕೊಳ್ಳುವ ಹೊಣೆ ವಹಿಸುವ ಒಪ್ಪಂದ ಮಾಡಿಕೊಂಡಿತು. ಸುದ್ದಿ ಹೊರಬಿದ್ದ ಮೇಲೆ ಕಲಾವಿದರು ಬೀದಿಗಿಳಿದರು. ಯೋಜನೆ ಅಲ್ಲಿ ಜಾರಿಗೆ ಬರಲಿಲ್ಲ. ಅಷ್ಟಕ್ಕೆ ಕಥೆ ಮುಗಿದಿದ್ದರೆ ಇಷ್ಟು ವರ್ಷಗಳ ನಂತರ ಬರೆಯಬೇಕಾದ ಅಗತ್ಯವಿರಲಿಲ್ಲ. ಕೋಟೆ, ದೇವಾಲಯ, ಮ್ಯೂಸಿಯಂಗಳನ್ನು ಕಂಪನಿಗಳಿಗೆ ದತ್ತು ಕೊಡುವುದು ಇವತ್ತು ಕೇಂದ್ರದಲ್ಲೂ ರಾಜ್ಯದಲ್ಲೂ ಒಪ್ಪಿತವಾದ ಕ್ರಮ. ವೆಂಕಟಪ್ಪ ಗ್ಯಾಲರಿಯ ವಿಷಯದಲ್ಲಿ ಎದ್ದ ಪ್ರಶ್ನೆಗಳಿಗೆ ಆಗಲೂ ಪೂರ್ತಿ ಉತ್ತರ ಸಿಗಲಿಲ್ಲ, ಈಗಲೂ ಸಿಕ್ಕಿಲ್ಲ. ಸಾರ್ವಜನಿಕ ಗ್ಯಾಲರಿ ಎಂಬುದು ನಿಜಕ್ಕೂ ಯಾವ ಕೆಲಸ ಮಾಡುತ್ತದೆ? ದುಡ್ಡು ಕೊಡುವವರು ಯಾರಾದರೇನು ಎಂದು ಯಾಕೆ ಸುಮ್ಮನಿರಲು ಆಗುವುದಿಲ್ಲ?

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಗೋಡೆಗೆ ಬಣ್ಣ ಹೊಡೆಸುವವರು ಯಾರೇ ಆಗಲಿ, ಆ ಗೋಡೆಯ ಮೇಲೆ ಯಾರ ಚಿತ್ರ ತೂಗಬೇಕು ಎಂದು ತೀರ್ಮಾನಿಸುವ ಅಧಿಕಾರ ಸಾರ್ವಜನಿಕರ ಕೈಯಲ್ಲೇ ಉಳಿಯಬೇಕು. ಆ ಅಧಿಕಾರ ನಮ್ಮದು ಎನ್ನುವವರು ಗ್ಯಾಲರಿಯನ್ನು ನೋಡಿಕೊಳ್ಳುವ ಹೊಣೆಯನ್ನೂ ಹೊರಬೇಕು. ಮೊದಲನೆಯದಕ್ಕಾಗಿ ನಾವು ಹೋರಾಡಿದ್ದೇವೆ. ಎರಡನೆಯದನ್ನು ಸರ್ಕಾರದಿಂದ ಅಷ್ಟೇ ಗಟ್ಟಿಯಾಗಿ ಕೇಳಿಲ್ಲ.

ರಾಜಾಶ್ರಯದಿಂದ ಇಲಾಖೆಯವರೆಗೆ

ಗ್ಯಾಲರಿಗೆ ಹೆಸರು ಕೊಟ್ಟ ಕೆ. ವೆಂಕಟಪ್ಪನವರು ಹುಟ್ಟಿದ್ದು 1886ರಲ್ಲಿ, ಚಿತ್ರಗಾರರ ಮನೆತನದಲ್ಲಿ. ಮೈಸೂರಿನ ಅರಸರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅಬನೀಂದ್ರನಾಥ ಟ್ಯಾಗೋರರ ಶಿಷ್ಯರಾದರು. ನಂದಲಾಲ್ ಬೋಸ್ ಅಲ್ಲಿ ಅವರ ಸಹಪಾಠಿ. ಊರಿಗೆ ಮರಳಿದ ಮೇಲೆ ಬಂಗಾಳ ಶೈಲಿಯಲ್ಲೇ ನಿಲ್ಲದೆ ತಮ್ಮದೇ ದಾರಿ ಹಿಡಿದರು. ಊಟಿ ಮತ್ತು ಕೊಡೈಕನಾಲಿನ ಬೆಟ್ಟ, ಮಂಜು, ಕೆರೆಗಳನ್ನು ಜಲವರ್ಣದಲ್ಲಿ ಬರೆದರು, ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನು ಮಾಡಿದರು. ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತರು. ಮದುವೆಯಾಗಲಿಲ್ಲ. 1962ರಲ್ಲಿ ಲಲಿತಕಲಾ ಅಕಾಡೆಮಿ ಅವರಿಗೆ ಫೆಲೋಶಿಪ್ ಕೊಟ್ಟಿತು. 1965ರಲ್ಲಿ ತೀರಿಕೊಂಡರು.

ಅವರ ಬದುಕಿನಲ್ಲಿ ಈ ಚರ್ಚೆಗೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿಯಿದೆ. ಅವರಿಗೆ ಆಸರೆಯಾಗಿದ್ದದ್ದು ಒಬ್ಬ ಅರಸರ ಅಭಿರುಚಿ. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು, ಅರಮನೆಯ ಕೆಲಸವೂ ನಿಂತಿತು. ವೆಂಕಟಪ್ಪನವರು ಮೈಸೂರು ಬಿಟ್ಟು ಬೆಂಗಳೂರಿಗೆ ಬಂದರು. ಕೆಲಸಕ್ಕೆ ಸಂಬಂಧಿಸಿದ ತಕರಾರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಆಶ್ರಯ ಕೊಟ್ಟವರು ಎಷ್ಟೇ ದೊಡ್ಡ ಮನಸ್ಸಿನವರಾಗಿದ್ದರೂ, ಅದು ಒಬ್ಬ ವ್ಯಕ್ತಿಯ ಇಚ್ಛೆಯನ್ನು ನೆಚ್ಚಿಕೊಂಡಿದ್ದರೆ ಆ ವ್ಯಕ್ತಿಯೊಂದಿಗೇ ಮುಗಿಯುತ್ತದೆ. ನಾಲ್ವಡಿಯವರಂಥ ಅರಸರ ಆಳ್ವಿಕೆಯಲ್ಲೂ ಹಾಗೇ ಆಯಿತು.

ಪ್ರಜಾಪ್ರಭುತ್ವದ ಸರ್ಕಾರವೊಂದು ಸಾರ್ವಜನಿಕ ಗ್ಯಾಲರಿ ಕಟ್ಟುವುದರ ಅರ್ಥ ಇಲ್ಲಿದೆ. ಅರಸರೂ ಗ್ಯಾಲರಿ ಕಟ್ಟಿದ್ದರು, ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ಶುರುವಾದದ್ದು 1915ರಲ್ಲಿ. ಅಲ್ಲಿ ರವಿವರ್ಮನ ಚಿತ್ರಗಳನ್ನು, ಹಲ್ದಂಕರರು ಬರೆದ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ನೋಡಿ ಬೆರಗಾಗದವರಿಲ್ಲ. ಆದರೆ ಅಲ್ಲಿ ನೋಡುವುದಕ್ಕಷ್ಟೇ ಅವಕಾಶ. ವೆಂಕಟಪ್ಪನವರು ತೀರಿಕೊಂಡ ಮೇಲೆ, 1970ರ ದಶಕದ ಮಧ್ಯಭಾಗದ ಹೊತ್ತಿಗೆ ಕಸ್ತೂರ್ಬಾ ರಸ್ತೆಯಲ್ಲಿ ತಲೆಯೆತ್ತಿದ ಗ್ಯಾಲರಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಒಂದು ಭಾಗದಲ್ಲಿ ವೆಂಕಟಪ್ಪನವರ ಕೃತಿಗಳು ಕಾಯಂ ಆಗಿ ಇರುತ್ತವೆ. ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರ ಕೃತಿಗಳೂ ಆಮೇಲೆ ಸೇರಿಕೊಂಡವು. ಉಳಿದ ಹಾಲ್‌ಗಳು ಅರ್ಜಿ ಹಾಕಿದ ಕಲಾವಿದರಿಗೆ ಕಡಿಮೆ ಬಾಡಿಗೆಗೆ ಸಿಗುತ್ತವೆ. ಹೆಸರು ಮಾಡಿದವರ ಕೃತಿಗಳೂ ಇನ್ನೂ ಹೆಸರು ಮಾಡದವರ ಕೃತಿಗಳೂ ಒಂದೇ ಸೂರಿನಡಿ ಇರುವ ಇಂಥ ಜಾಗ ರಾಜ್ಯದಲ್ಲಿ ಬೆರಳೆಣಿಕೆಯಷ್ಟು.

ಕಡಿಮೆ ಬಾಡಿಗೆಯ ಬೆಲೆ

ಹೊರಗಿನವರಿಗೆ ಬಾಡಿಗೆ ಸಣ್ಣ ವಿಷಯವಾಗಿ ಕಾಣಬಹುದು. ಕಲಾವಿದರ ಲೆಕ್ಕ ಹಾಕಿ ನೋಡೋಣ. ಗದಗದ ವಿಜಯ ಕಲಾಮಂದಿರದಲ್ಲೋ ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲೋ ಮೈಸೂರಿನ ಕಾವಾದಲ್ಲೋ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲೋ ಓದಿ ಮುಗಿಸಿದ ಒಬ್ಬ ಹುಡುಗಿ ಇದ್ದಾಳೆ ಎಂದುಕೊಳ್ಳಿ. ಕ್ಯಾನ್ವಾಸು, ಬಣ್ಣ, ಫ್ರೇಮು, ಚಿತ್ರಗಳನ್ನು ತರುವ ಗಾಡಿ ಬಾಡಿಗೆ, ಆಹ್ವಾನ ಪತ್ರಿಕೆ, ಬೆಂಗಳೂರಿನಲ್ಲಿ ಒಂದು ವಾರದ ಊಟ ವಸತಿ ಎಲ್ಲವೂ ಅವಳ ಕೈಯಿಂದಲೇ ಹೋಗಬೇಕು. ಚಿತ್ರ ಮಾರಾಟವಾಗುತ್ತದೆ ಎಂಬ ಭರವಸೆಯಿಲ್ಲ. ಖಾಸಗಿ ಗ್ಯಾಲರಿಗಳು ತಮಗೆ ಹಿಡಿಸಿದವರನ್ನು ಆರಿಸಿಕೊಳ್ಳುತ್ತವೆ. ಮಾರಾಟವಾದರೆ ಸಾಮಾನ್ಯವಾಗಿ ಬೆಲೆಯ ಮೂರನೇ ಒಂದರಿಂದ ಅರ್ಧದವರೆಗೆ ಕಮಿಷನ್ ತೆಗೆದುಕೊಳ್ಳುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ, ಅವರೂ ಜಾಗಕ್ಕೆ, ಪ್ರಚಾರಕ್ಕೆ ಬಂಡವಾಳ ಹಾಕಿರುತ್ತಾರೆ. ಆದರೆ ಮಾರಾಟವಾಗುವ ಸೂಚನೆಯೇ ಇಲ್ಲದ ಕೆಲಸ, ಹೆಸರೇ ಕೇಳದ ಊರಿನಿಂದ ಬಂದ ಕೆಲಸ, ಕೊಳ್ಳುವವರಿಗೆ ಮುಜುಗರ ತರುವ ಕೆಲಸ ಇವುಗಳನ್ನು ಅವರು ತೂಗುಹಾಕಬೇಕೆಂದು ನಾವು ಕೇಳಲಾಗದು.

ಪಾಲೇಸ್ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ಶುರುವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯೂ ಸಾರ್ವಜನಿಕವೇ. ಆದರೆ ಅಲ್ಲಿನ ಕ್ರಮ ಬೇರೆ. ಅದು ತನ್ನ ಸಂಗ್ರಹವನ್ನು ತೋರಿಸುತ್ತದೆ, ಹಿರಿಯರ ಸಿಂಹಾವಲೋಕನ ಪ್ರದರ್ಶನಗಳನ್ನು ಏರ್ಪಡಿಸುತ್ತದೆ. ಮೊದಲ ಪ್ರದರ್ಶನ ಮಾಡಬೇಕೆಂದಿರುವ ಕಲಾವಿದೆ ಅರ್ಜಿ ಹಿಡಿದು ಹೋಗುವ ಜಾಗ ಅದಲ್ಲ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಬಾಡಿಗೆಗೆ ಗ್ಯಾಲರಿಗಳಿವೆ, ಅದು ರಾಜ್ಯದ ಕಲೆಗೆ ದೊಡ್ಡ ಉಪಕಾರ ಮಾಡಿದ ಸಂಸ್ಥೆ. ಮುಂಬೈಯಲ್ಲಿ 1952ರಿಂದ ಇರುವ ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲೂ ಯಾರು ಬೇಕಾದರೂ ಅರ್ಜಿ ಹಾಕಬಹುದು, ಸರದಿಗೆ ವರ್ಷಗಟ್ಟಲೆ ಕಾಯುತ್ತಾರೆ. ಆ ಕಾಯುವಿಕೆಯೇ ಇಂಥ ಗೋಡೆಗೆ ಎಷ್ಟು ಬೇಡಿಕೆ ಇದೆ ಎಂದು ಹೇಳುತ್ತದೆ.

ಕಡಿಮೆ ಬಾಡಿಗೆಯ ಹಾಲ್‌ನಲ್ಲಿ ಎಲ್ಲ ಪ್ರದರ್ಶನಗಳೂ ಚೆನ್ನಾಗಿರುವುದಿಲ್ಲ. ‘ಅಲ್ಲಿ ಗುಣಮಟ್ಟವಿಲ್ಲ’ ಎಂಬ ಟೀಕೆ ಬಹಳ ಹಳೆಯದು, ಒಂದು ಮಟ್ಟಿಗೆ ನಿಜವೂ ಹೌದು. ಆದರೆ ಕಳಪೆ ಪ್ರದರ್ಶನಕ್ಕೂ ಅವಕಾಶವಿರುವ ಜಾಗದಲ್ಲಿ ಮಾತ್ರ ಯಾರೂ ಊಹಿಸದ ಪ್ರದರ್ಶನವೂ ಸಾಧ್ಯ. ಮೊದಲೇ ಜರಡಿ ಹಿಡಿದರೆ ಆ ಕಾಲದ ಅಭಿರುಚಿಗೆ ಒಪ್ಪುವಂಥದ್ದಷ್ಟೇ ಉಳಿಯುತ್ತದೆ. ಬೆಂಗಳೂರಿನಲ್ಲಿ ಜಾಗವನ್ನೇ ಕೃತಿಯಾಗಿಸುವ ಇನ್‌ಸ್ಟಲೇಷನ್, ಕಲಾವಿದರ ದೇಹವೇ ಮಾಧ್ಯಮವಾಗುವ ಪರ್ಫಾರ್ಮೆನ್ಸ್‌ನಂಥ ಪ್ರಯೋಗಗಳನ್ನು ಕೊಳ್ಳುವವರೇ ಇಲ್ಲದ ಕಾಲದಲ್ಲಿ ಕಲಾವಿದರು ನೆಚ್ಚಿಕೊಂಡಿದ್ದು ಇಂಥ ಹಾಲ್‌ಗಳನ್ನೇ.

ಇನ್ನೊಂದು ಕೆಲಸವೂ ಅಲ್ಲಿ ನಡೆಯುತ್ತದೆ, ಅದನ್ನು ಯಾವ ವರದಿಯಲ್ಲೂ ಬರೆಯಲಾಗದು. ಪ್ರದರ್ಶನ ಇಟ್ಟವರು ದಿನವಿಡೀ ಅಲ್ಲೇ ಕುಳಿತಿರುತ್ತಾರೆ. ಹಿರಿಯರು ಬಂದು ನೋಡುತ್ತಾರೆ, ಮುಖಕ್ಕೆ ಹೊಡೆದಂತೆ ಹೇಳುವವರೂ ಇರುತ್ತಾರೆ, ಚಹಾ ಕುಡಿಯುತ್ತಾ ಜಗಳವಾಗುತ್ತದೆ, ಇನ್ನೊಬ್ಬರ ಶೋಗೆ ಆಹ್ವಾನ ಸಿಗುತ್ತದೆ. ಕಾಲೇಜಿನಲ್ಲಿ ಐದು ವರ್ಷ ಕಲಿತದ್ದನ್ನು ಕಲಾವಿದೆ ಮೊದಲ ಬಾರಿಗೆ ಹೊರಗಿನವರ ಮುಂದೆ ಪರೀಕ್ಷೆಗೆ ಇಡುವುದು ಅಲ್ಲಿಯೇ. ಒಂದು ಊರಿನ ಕಲಾವಲಯ ಎಂದು ನಾವು ಕರೆಯುವುದು ಇಂಥ ಭೇಟಿಗಳಿಂದ ಆದದ್ದು.

2015ರಲ್ಲಿ ಆದದ್ದೇನು?

ಪ್ರವಾಸಿ ತಾಣಗಳನ್ನು ದತ್ತು ಕೊಡುವ ರಾಜ್ಯದ ಯೋಜನೆಯ ಅಡಿಯಲ್ಲಿ ವೆಂಕಟಪ್ಪ ಗ್ಯಾಲರಿಯನ್ನು ಅಭಿವೃದ್ಧಿಪಡಿಸಲು ತಸ್ವೀರ್ ಫೌಂಡೇಶನ್ ಜೊತೆ ಒಪ್ಪಂದವಾಯಿತು. ಅದರ ಹಿಂದಿದ್ದವರು ಉದ್ಯಮಿ, ಕಲಾಸಂಗ್ರಾಹಕ ಅಭಿಷೇಕ್ ಪೋದ್ದಾರ್. ಗ್ಯಾಲರಿಯನ್ನು ಅಂತರರಾಷ್ಟ್ರೀಯ ಮಟ್ಟದ ಮ್ಯೂಸಿಯಂ ಮಾಡುವುದು ಉದ್ದೇಶ. ಕಟ್ಟಡ ಸೊರಗಿತ್ತು, ಸಂಗ್ರಹಕ್ಕೆ ತಕ್ಕ ಆರೈಕೆ ಇರಲಿಲ್ಲ, ದುಡ್ಡು ಹಾಕಲು ಒಬ್ಬರು ಮುಂದೆ ಬಂದಿದ್ದರು. ಇಷ್ಟನ್ನೇ ಕೇಳಿದರೆ ಯಾರಾದರೂ ಒಳ್ಳೆಯದೇ ಆಯಿತು ಎನ್ನುತ್ತಾರೆ.

ಕಲಾವಿದರ ಆಕ್ಷೇಪ ಎರಡು ಬಗೆಯದಾಗಿತ್ತು. ಮೊದಲನೆಯದು, ನಮ್ಮನ್ನು ಒಂದು ಮಾತು ಕೇಳಲಿಲ್ಲ ಎಂಬುದು. ದಶಕಗಳಿಂದ ಗ್ಯಾಲರಿಯನ್ನು ಬಳಸುತ್ತಾ ಬಂದವರಿಗೆ ವಿಷಯ ತಿಳಿದದ್ದು ಒಪ್ಪಂದವಾದ ಮೇಲೆ. ಎರಡನೆಯದು ಇನ್ನೂ ಗಂಭೀರ. ಒಬ್ಬ ಖಾಸಗಿ ಸಂಗ್ರಾಹಕರ ಸಂಸ್ಥೆಗೆ ಸಾರ್ವಜನಿಕ ಗ್ಯಾಲರಿಯ ಆಡಳಿತ ಸಿಕ್ಕರೆ ಯಾವ ಕೃತಿ ಮುಖ್ಯ, ಯಾವ ಪ್ರದರ್ಶನ ಬೇಕು, ಬಾಡಿಗೆ ಹಾಲ್‌ಗಳು ಇರಬೇಕೇ ಬೇಡವೇ ಎಂಬ ತೀರ್ಮಾನಗಳೂ ಅವರ ಕೈಗೆ ಹೋಗುತ್ತವೆ. ಸಾರ್ವಜನಿಕ ಗೋಡೆಯ ಮೇಲೆ ತೂಗಿದ ಕೃತಿಗೆ ಬೆಲೆ ಏರುತ್ತದೆ. ಸಂಗ್ರಹಿಸುವವರೂ ಆಯ್ಕೆ ಮಾಡುವವರೂ ಒಬ್ಬರೇ ಆದರೆ ಎಷ್ಟೇ ಪ್ರಾಮಾಣಿಕರಾದರೂ ಹಿತಾಸಕ್ತಿಗಳು ಒಂದಕ್ಕೊಂದು ತಾಗುತ್ತವೆ. ಇದು ವ್ಯಕ್ತಿಯ ಮೇಲಿನ ಆರೋಪವಲ್ಲ, ವ್ಯವಸ್ಥೆಯ ದೋಷ.

ವೆಂಕಟಪ್ಪ ಆರ್ಟ್ ಗ್ಯಾಲರಿ ಫೋರಂ ಹುಟ್ಟಿತು. ಪುಷ್ಪಮಾಲಾ ಎನ್. ಅವರಂಥ ಹೆಸರಾಂತ ಕಲಾವಿದರಿಂದ ಹಿಡಿದು ವಿದ್ಯಾರ್ಥಿಗಳವರೆಗೆ ನೂರಾರು ಜನ ಸೇರಿದರು. ಅವರ ಪ್ರತಿಭಟನೆಯೂ ಕಲೆಯ ರೂಪದಲ್ಲೇ ಇತ್ತು, ಚಿತ್ರ ಬರೆದರು, ಹಾಡಿದರು, ಪರ್ಫಾರ್ಮೆನ್ಸ್‌ಗಳನ್ನು ಮಾಡಿದರು. ಜಾಗತಿಕ ಹೆಸರಿರುವವರಿಗೆ ವೆಂಕಟಪ್ಪದ ಹಾಲ್ ಬೇಕಾಗಿರಲಿಲ್ಲ. ಅವರು ಬಂದು ನಿಂತದ್ದು ಮುಂದಿನವರಿಗಾಗಿ. ಈ ಹೋರಾಟದಲ್ಲಿ ನನ್ನ ಮನಸ್ಸನ್ನು ಇವತ್ತಿಗೂ ತಟ್ಟುವುದು ಇದೇ.

ಮುಂದೆ ಆದದ್ದನ್ನು ಎರಡೂ ಕಡೆಯವರು ಗಮನಿಸಬೇಕು. ಪೋದ್ದಾರ್ ಅವರು ಅದೇ ಕಸ್ತೂರ್ಬಾ ರಸ್ತೆಯಲ್ಲಿ ತಮ್ಮದೇ ಆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿಯನ್ನು ಕಟ್ಟಿಸಿದರು. ಮ್ಯಾಪ್ ಎಂದು ಕರೆಯುವ ಅದು 2023ರ ಫೆಬ್ರವರಿಯಲ್ಲಿ ಜನರಿಗೆ ತೆರೆಯಿತು. ಚಿತ್ರಗಳು, ಫೋಟೊಗಳು, ಜವಳಿ, ಜನಪದ ಕಲೆ, ಸಿನಿಮಾ ಪೋಸ್ಟರ್‌ಗಳವರೆಗೆ ಹರಡಿದ ಅದರ ಸಂಗ್ರಹ ಬೆಂಗಳೂರಿಗೆ ಬಂದ ದೊಡ್ಡ ಸಂಪತ್ತು. ಕಲಾವಿದರು ಅಡ್ಡಗಾಲು ಹಾಕಿದ್ದರಿಂದ ನಗರಕ್ಕೆ ಒಂದು ಒಳ್ಳೆಯ ಮ್ಯೂಸಿಯಂ ತಪ್ಪಿಹೋಗುತ್ತದೆ ಎಂದು 2016ರಲ್ಲಿ ಅಂದುಕೊಂಡವರಿದ್ದರು. ತಪ್ಪಲಿಲ್ಲ. ಖಾಸಗಿ ದುಡ್ಡು ಖಾಸಗಿ ಜಾಗದಲ್ಲಿ ತನ್ನ ಮ್ಯೂಸಿಯಂ ಕಟ್ಟಿಕೊಂಡಿತು, ಸಾರ್ವಜನಿಕ ಗ್ಯಾಲರಿ ಸಾರ್ವಜನಿಕವಾಗಿಯೇ ಉಳಿಯಿತು. ಒಂದು ಇರುವಲ್ಲಿ ಎರಡಾದವು. ದತ್ತು ಕೊಡದಿದ್ದರೆ ದುಡ್ಡೇ ಬರುವುದಿಲ್ಲ ಎಂಬ ವಾದಕ್ಕೆ ಈ ರಸ್ತೆಯಲ್ಲೇ ಉತ್ತರವಿದೆ.

ಸಿಎಸ್‌ಆರ್ ದುಡ್ಡು ಎಲ್ಲಿ ನಿಲ್ಲುತ್ತದೆ

ದತ್ತು ಯೋಜನೆಗಳು ಇದೇ ಕಾಲಕ್ಕೆ ಯಾಕೆ ಬಂದವು? 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್‌ನಿಂದ ಜಾರಿಗೆ ಬಂತು. ನಿಗದಿತ ಮಿತಿಗಿಂತ ದೊಡ್ಡದಾದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ, ಅಂದರೆ ಸಿಎಸ್‌ಆರ್‌ಗೆ, ಖರ್ಚು ಮಾಡಬೇಕಾಯಿತು. ಯಾವುದಕ್ಕೆ ಖರ್ಚು ಮಾಡಬಹುದು ಎಂಬ ಪಟ್ಟಿಯಲ್ಲಿ ರಾಷ್ಟ್ರೀಯ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆಯೂ ಇದೆ. ಸರ್ಕಾರಗಳಿಗೆ ಇದೊಂದು ಹೊಸ ಹಣದ ಮೂಲವಾಗಿ ಕಂಡಿತು. ಕರ್ನಾಟಕದ ಒಪ್ಪಂದ ಬಂದದ್ದು ಮರುವರ್ಷವೇ. ಕೇಂದ್ರದ ‘ಅಡಾಪ್ಟ್ ಎ ಹೆರಿಟೇಜ್’ 2017ರಲ್ಲಿ ಬಂತು, 2018ರಲ್ಲಿ ದೆಹಲಿಯ ಕೆಂಪುಕೋಟೆ ಐದು ವರ್ಷಕ್ಕೆ 25 ಕೋಟಿ ರೂಪಾಯಿಯ ಲೆಕ್ಕದಲ್ಲಿ ದಾಲ್ಮಿಯಾ ಭಾರತ್ ಪಾಲಾದಾಗ ದೇಶದಾದ್ಯಂತ ಗದ್ದಲವಾಯಿತು.

ಈ ದುಡ್ಡು ಬರಲಿ, ಬೇಡವೆನ್ನುವುದು ಮೂರ್ಖತನ. ಆದರೆ ಅದಕ್ಕೊಂದು ಸ್ವಭಾವವಿದೆ. ಸಿಎಸ್‌ಆರ್ ನಿಯಮಗಳ ಪ್ರಕಾರ ‘ಮುಂದುವರಿಯುವ ಯೋಜನೆ’ ಎಂದರೂ ಅದು ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷ ಮೀರುವಂತಿಲ್ಲ. ಹಾಗಾಗಿ ಅದು ಆರಂಭ ಮತ್ತು ಅಂತ್ಯ ಸ್ಪಷ್ಟವಾಗಿರುವ ಕೆಲಸಕ್ಕೆ ಹೊಂದುತ್ತದೆ: ಹೊಸ ನೆಲಹಾಸು, ಶೌಚಾಲಯ, ಲಿಫ್ಟು, ದೀಪ, ಪ್ರವೇಶದ್ವಾರ. ಉದ್ಘಾಟನೆಯಾಗುತ್ತದೆ, ಫಲಕ ಹಾಕಲಾಗುತ್ತದೆ. ಗ್ಯಾಲರಿಗೆ ನಿಜವಾಗಿ ಬೇಕಾದದ್ದು ಪ್ರತಿ ತಿಂಗಳ ಸಂಬಳ. ಪ್ರದರ್ಶನಗಳನ್ನು ಆಯ್ದು ರೂಪಿಸುವ ಕ್ಯುರೇಟರ್ ಒಬ್ಬರು, ಕೃತಿ ಸಂರಕ್ಷಕರೊಬ್ಬರು, ದಾಖಲಾತಿಯವರು, ಮಕ್ಕಳಿಗೆ ಚಿತ್ರ ತೋರಿಸಿ ಮಾತಾಡುವವರು. ಈ ಹುದ್ದೆಗಳಿಗೆ ಉದ್ಘಾಟನೆ ಇರುವುದಿಲ್ಲ. ಐವತ್ತು ವರ್ಷ ಸಂಬಳ ಕೊಡಬಲ್ಲದ್ದು ಸರ್ಕಾರದ ಆಯವ್ಯಯ ಮಾತ್ರ.

ಖಾಸಗಿ ನೆರವು ಪಡೆದೂ ಸಾರ್ವಜನಿಕವಾಗಿ ಉಳಿಯಬಹುದು ಎಂಬುದಕ್ಕೆ ಮುಂಬೈಯ ಬೈಕಲ್ಲಾದಲ್ಲಿರುವ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ ಉದಾಹರಣೆ. ಅದು ಮಹಾನಗರ ಪಾಲಿಕೆಯ ಆಸ್ತಿ, ಕಟ್ಟಡ 1872ರದು, ಪಾಳು ಬೀಳುವ ಸ್ಥಿತಿಯಲ್ಲಿತ್ತು. 2003ರಲ್ಲಿ ಪಾಲಿಕೆ, ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ಮತ್ತು ಜಮ್ನಾಲಾಲ್ ಬಜಾಜ್ ಫೌಂಡೇಶನ್ ಮೂರೂ ಸೇರಿ ಒಪ್ಪಂದ ಮಾಡಿಕೊಂಡವು. ಕಟ್ಟಡದ ಜೀರ್ಣೋದ್ಧಾರಕ್ಕೆ 2005ರಲ್ಲಿ ಯುನೆಸ್ಕೊ ಪ್ರಶಸ್ತಿ ಬಂತು, 2008ರಲ್ಲಿ ಮ್ಯೂಸಿಯಂ ಮತ್ತೆ ತೆರೆಯಿತು. ಇಲ್ಲಿ ಗಮನಿಸಬೇಕಾದದ್ದು ಒಪ್ಪಂದದ ಸ್ವರೂಪ. ದುಡ್ಡು ಕೊಟ್ಟವರು, ಪರಿಣತಿ ತಂದವರು, ಒಡೆತನ ಇಟ್ಟುಕೊಂಡವರು ಮೂವರೂ ಬೇರೆ ಬೇರೆ. ಒಬ್ಬರ ಮೇಲೆ ಇನ್ನೊಬ್ಬರು ಕಣ್ಣಿಡಲು ಜಾಗವಿತ್ತು. ಬೆಂಗಳೂರಿನ ಒಪ್ಪಂದದಲ್ಲಿ ಕಲಾವಿದರಿಗೆ ಕಾಣದೇ ಹೋದದ್ದು ಈ ಸಮತೋಲ.

ಇಂಥ ಯಾವುದೇ ಒಪ್ಪಂದ ನಾಳೆ ಬಂದರೂ ಓದುಗರು ಕೇಳಬೇಕಾದ ಪ್ರಶ್ನೆಗಳು ಕಷ್ಟದವಲ್ಲ. ಸಹಿ ಹಾಕುವ ಮೊದಲು ಕರಡು ಪ್ರಕಟವಾಯಿತೇ? ಹಾಲ್ ಯಾರಿಗೆ ಕೊಡಬೇಕು ಎಂದು ತೀರ್ಮಾನಿಸುವ ಸಮಿತಿಯಲ್ಲಿ ಕೆಲಸ ಮಾಡುತ್ತಿರುವ ಕಲಾವಿದರು ಇದ್ದಾರೆಯೇ? ಬಾಡಿಗೆಗೆ ಮೇಲ್ಮಿತಿ ಇದೆಯೇ? ದುಡ್ಡು ಕೊಟ್ಟವರ ಸ್ವಂತ ಸಂಗ್ರಹದ ಕೃತಿಗಳನ್ನು ಅಲ್ಲಿ ತೋರಿಸಬಹುದೇ, ಯಾವ ಷರತ್ತಿನ ಮೇಲೆ? ಅವಧಿ ಮುಗಿದ ಮೇಲೆ ನಡೆಸುವವರು ಯಾರು? ಕೊನೆಯ ಪ್ರಶ್ನೆಗೆ ಉತ್ತರ ಬರೆಯದ ಒಪ್ಪಂದವನ್ನು ಒಪ್ಪಲೇಬಾರದು.

ಉಳಿಸಿಕೊಂಡದ್ದನ್ನು ನೋಡಿಕೊಳ್ಳುವುದು

ಇಲ್ಲಿ ನಮ್ಮವರ ಕಡೆಗೂ ತಿರುಗಬೇಕು. ದತ್ತು ನಿಲ್ಲಿಸಿದ್ದು ಗೆಲುವು, ಆದರೆ ಗ್ಯಾಲರಿ ಸೊರಗಿದೆ ಎಂಬ ಮಾತು ಸುಳ್ಳಾಗಿರಲಿಲ್ಲವಲ್ಲ. ಸರ್ಕಾರ ನೋಡಿಕೊಳ್ಳುವುದಿಲ್ಲ ಎಂಬ ಕಾರಣಕ್ಕೇ ಖಾಸಗಿಯವರಿಗೆ ಕೊಡುವ ಮಾತು ಬರುತ್ತದೆ. ನಿರ್ಲಕ್ಷ್ಯ ಮುಂದುವರಿದರೆ ಅದೇ ಮಾತು ಬೇರೆ ಹೆಸರಿನಲ್ಲಿ ಮತ್ತೆ ಬರುತ್ತದೆ.

ವೆಂಕಟಪ್ಪನವರ ಜಲವರ್ಣಗಳನ್ನೇ ತೆಗೆದುಕೊಳ್ಳಿ. ತೈಲವರ್ಣಕ್ಕಿಂತ ಜಲವರ್ಣ ಬಹಳ ನಾಜೂಕು. ಕಾಗದದ ಮೇಲೆ ತೆಳುವಾಗಿ ಹರಡಿದ ಬಣ್ಣ ಬೆಳಕಿಗೆ ಮಾಸುತ್ತದೆ, ಒಮ್ಮೆ ಮಾಸಿದ್ದು ಮರಳಿ ಬರುವುದಿಲ್ಲ. ಮ್ಯೂಸಿಯಂಗಳು ಇಂಥ ಕೃತಿಗಳ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತವೆ (ಲಕ್ಸ್ ಎಂದರೆ ಬೆಳಕಿನ ಅಳತೆ). ಸಾಮಾನ್ಯ ಕಚೇರಿಯಲ್ಲಿ ಇದರ ಆರೇಳು ಪಟ್ಟು ಬೆಳಕಿರುತ್ತದೆ. ಅಷ್ಟೇ ಸಾಲದು, ಕೆಲವು ತಿಂಗಳು ತೋರಿಸಿ ಆಮೇಲೆ ಕತ್ತಲಲ್ಲಿಟ್ಟು ಬೇರೆ ಕೃತಿಗಳನ್ನು ಹಾಕುವುದು ಕ್ರಮ. ಚಿತ್ರವನ್ನು ಕೂರಿಸುವ ಹಿಂದಿನ ಕಾಲದ ಮೌಂಟ್ ಬೋರ್ಡಿನಲ್ಲಿ ಆಮ್ಲವಿದ್ದರೆ ಅದು ಕಾಗದವನ್ನು ಕಂದುಗಟ್ಟಿಸುತ್ತದೆ, ಬದಲಾಯಿಸಬೇಕು. ಗಾಳಿಯ ತೇವ ಏರುಪೇರಾದರೆ ಕಾಗದ ಸುಕ್ಕಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ತೇವವನ್ನು ಹೀರಿಕೊಳ್ಳುತ್ತದೆ, ಸಣ್ಣ ಪೆಟ್ಟಿಗೂ ಚಕ್ಕೆ ಏಳುತ್ತದೆ. ಇದಾವುದೂ ಕೋಟಿಗಟ್ಟಲೆಯ ಕೆಲಸವಲ್ಲ, ತಿಳಿದವರೊಬ್ಬರು ಪ್ರತಿವಾರ ಮಾಡಬೇಕಾದ ಕೆಲಸ. ಹಾಗೆಯೇ ಪ್ರತಿಯೊಂದು ಕೃತಿಯ ಒಳ್ಳೆಯ ಛಾಯಾಚಿತ್ರ, ಅಳತೆ, ಸ್ಥಿತಿಯ ವಿವರ ಇರುವ ಪಟ್ಟಿ ಜನರಿಗೆ ನೋಡಲು ಸಿಗಬೇಕು. ಕಳವು, ಅದಲುಬದಲು ತಡೆಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ನಿರ್ಲಕ್ಷ್ಯಕ್ಕೆ ಆಡಳಿತದ ಒಂದು ಕಾರಣವಿದೆ. ಗ್ಯಾಲರಿ ಇರುವುದು ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೈಯಲ್ಲಿ. ಅವರ ಮುಂದೆ ರಾಜ್ಯದಾದ್ಯಂತ ಕೋಟೆ, ಗುಡಿ, ಶಾಸನಗಳಿವೆ. ಪಕ್ಕದ ಮ್ಯೂಸಿಯಂನಲ್ಲೇ ಕಾಳಿ ಎಂಬ ನಾಯಿಯ ಶೌರ್ಯ ಹೇಳುವ ಹತ್ತನೇ ಶತಮಾನದ ಆತಕೂರು ಶಾಸನವಿದೆ. ಹಳೆಯದನ್ನು ಕಾಯುವುದು ಅವರ ಕಸುಬು, ಅದನ್ನು ಅವರು ಬಲ್ಲರು. ಜೀವಂತ ಕಲಾವಿದರ ಪ್ರದರ್ಶನ ನಡೆಸುವುದು ಬೇರೆಯೇ ಕಸುಬು. ಅದಕ್ಕಿರುವ ಕರ್ನಾಟಕ ಲಲಿತಕಲಾ ಅಕಾಡೆಮಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಡಿಯಲ್ಲಿದೆ. ಹೀಗೆ ಗೋಡೆ ಒಂದು ಇಲಾಖೆಯದು, ಕಲಾವಿದರು ಇನ್ನೊಂದು ಇಲಾಖೆಯವರು. ಕಾಯಂ ಸಂಗ್ರಹವನ್ನು ಪುರಾತತ್ವ ಇಲಾಖೆಯೇ ನೋಡಿಕೊಳ್ಳಲಿ. ಬಾಡಿಗೆ ಹಾಲ್‌ಗಳನ್ನು ಅಕಾಡೆಮಿ ಮತ್ತು ಕಲಾವಿದರ ಪ್ರತಿನಿಧಿಗಳಿರುವ ಸ್ವಾಯತ್ತ ಸಮಿತಿ ನಡೆಸಲಿ ಎಂಬುದು ನನ್ನ ಅಭಿಪ್ರಾಯ. ಅಕಾಡೆಮಿಯ ನೇಮಕಾತಿಗಳಲ್ಲಿ ರಾಜಕೀಯ ನುಸುಳುವುದಿಲ್ಲವೇ ಎಂದು ಕೇಳಬಹುದು, ನುಸುಳುತ್ತದೆ. ಆದರೆ ಅದನ್ನು ಪ್ರಶ್ನಿಸಲು ಮಾಹಿತಿ ಹಕ್ಕು ಇದೆ, ವಿಧಾನಮಂಡಲ ಇದೆ, ಪತ್ರಿಕೆಗಳಿವೆ. ಖಾಸಗಿ ಟ್ರಸ್ಟಿನ ತೀರ್ಮಾನದ ಮುಂದೆ ನಮಗೆ ಈ ದಾರಿಗಳು ಸಿಗುವುದು ಬಹಳ ಕಷ್ಟ.

ನೋಡುವವರು ಎಲ್ಲಿದ್ದಾರೆ?

ಇಲ್ಲಿಯವರೆಗೆ ಕಲಾವಿದರ ಮಾತೇ ಹೆಚ್ಚಾಯಿತು. ಸಾರ್ವಜನಿಕ ಗ್ಯಾಲರಿ ಅವರದಷ್ಟೇ ಅಲ್ಲ. ಒಂದು ವಾದ ಯಾವಾಗಲೂ ಕೇಳಿಬರುತ್ತದೆ, ನಮ್ಮ ಜನಕ್ಕೆ ಸಾಹಿತ್ಯ ಬೇಕು, ಸಂಗೀತ, ಯಕ್ಷಗಾನ, ಸಿನಿಮಾ ಬೇಕು, ಚಿತ್ರಕಲೆ ಬೇಡ ಎಂದು. ಜನವರಿಯಲ್ಲಿ ಕುಮಾರಕೃಪಾ ರಸ್ತೆಗೆ ಹೋಗಿ ನೋಡಿದವರು ಹೀಗೆ ಹೇಳಲಾರರು. ಎರಡು ದಶಕಗಳಿಂದ ಚಿತ್ರಕಲಾ ಪರಿಷತ್ತು ನಡೆಸುತ್ತಿರುವ ಚಿತ್ರಸಂತೆಯ ದಿನ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಕಾಲೇಜು ಹುಡುಗರು, ವಯಸ್ಸಾದವರು, ಎಲ್ಲರೂ ಬರುತ್ತಾರೆ. ಕಡಿಮೆ ಬೆಲೆಯ ಚಿತ್ರ ಕೊಂಡು ಮನೆಗೆ ಒಯ್ಯುತ್ತಾರೆ. ಅಂದರೆ ಜನರಿಗೆ ಚಿತ್ರ ಬೇಕು. ಅವರನ್ನು ತಡೆಯುತ್ತಿರುವುದು ಗ್ಯಾಲರಿಯ ಬಾಗಿಲಲ್ಲಿ ಹುಟ್ಟುವ ‘ಇದು ನಮ್ಮಂಥವರಿಗಲ್ಲ’ ಎಂಬ ಅಳುಕು. ಸಂತೆಗೆ ಬಾಗಿಲಿಲ್ಲ.

ಆ ಅಳುಕನ್ನು ಕಳೆಯುವುದು ಸಾರ್ವಜನಿಕ ಗ್ಯಾಲರಿಯ ಕರ್ತವ್ಯ, ಅದನ್ನು ವೆಂಕಟಪ್ಪ ಗ್ಯಾಲರಿ ಇನ್ನೂ ಮಾಡಬೇಕಾಗಿದೆ. ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಬಂದ ಬಸ್ಸಿನ ಮಕ್ಕಳನ್ನು ಇನ್ನೊಂದು ಗಂಟೆ ಇಲ್ಲಿಗೂ ಕರೆತರಬಹುದು. ಮಗುವಿಗೆ ಚಿತ್ರದ ಪಕ್ಕ ಬರೀ ಹೆಸರು, ಇಸವಿ, ಮಾಧ್ಯಮ ಬರೆದ ಚೀಟಿ ಏನನ್ನೂ ಹೇಳುವುದಿಲ್ಲ. ಊಟಿಯ ಮಂಜನ್ನು ಬಿಳಿ ಬಣ್ಣವೇ ಹಚ್ಚದೆ ಕಾಗದದ ಬಿಳುಪಿನಿಂದಲೇ ಹೇಗೆ ತರಬಹುದು ಎಂದು ಕನ್ನಡದಲ್ಲಿ ವಿವರಿಸಿ, ಅಲ್ಲೇ ಒಂದು ಕಾಗದ, ಕುಂಚ ಕೊಟ್ಟು ಪ್ರಯತ್ನಿಸಲು ಹೇಳಿದರೆ ಆ ಮಗು ಮತ್ತೆ ಬರುತ್ತದೆ, ಅಪ್ಪ ಅಮ್ಮನನ್ನೂ ಎಳೆದುಕೊಂಡು ಬರುತ್ತದೆ. ಬೆಂಗಳೂರಿನ ಖಾಸಗಿ ಕಲಾಲೋಕದ ಮಾತುಕತೆ ಬಹುಪಾಲು ಇಂಗ್ಲಿಷಿನಲ್ಲಿ ನಡೆಯುತ್ತದೆ. ಕನ್ನಡ ಶಾಲೆಯ ಮಗು, ಕನ್ನಡದಲ್ಲಿ ಮಾತ್ರ ಓದುವ ತಾಯಿ ಯಾವ ಹಿಂಜರಿಕೆಯೂ ಇಲ್ಲದೆ ಒಳಬರಬೇಕಾದ ಗ್ಯಾಲರಿ ಸರ್ಕಾರದ್ದೇ. ಕನ್ನಡದಲ್ಲಿ ಒಳ್ಳೆಯ ಪ್ರದರ್ಶನ ಟಿಪ್ಪಣಿ, ವಾರಕ್ಕೊಮ್ಮೆ ಕನ್ನಡದಲ್ಲಿ ಚಿತ್ರ ತೋರಿಸುವ ನಡಿಗೆ, ಸಂಜೆ ಕೆಲಸ ಮುಗಿಸಿ ಬರುವವರಿಗಾಗಿ ಒಂದೆರಡು ದಿನ ತಡವಾಗಿ ಮುಚ್ಚುವ ವ್ಯವಸ್ಥೆ, ಗಾಲಿಕುರ್ಚಿಯಲ್ಲಿ ಬರುವವರಿಗೆ ಮೇಲಿನ ಮಹಡಿ ತಲುಪುವ ದಾರಿ ಇರಲಿ. ಇವುಗಳಿಗೆ ಜಾಗತಿಕ ಮಟ್ಟದ ವಾಸ್ತುಶಿಲ್ಪಿ ಬೇಕಿಲ್ಲ.

ಬೆಂಗಳೂರಿನಾಚೆಗೆ ಹೋದರೆ ಸಮಸ್ಯೆ ಇನ್ನೂ ದೊಡ್ಡದು. ಚಿತ್ರಕಾರ ಎಸ್.ಎಂ. ಪಂಡಿತರು ಹುಟ್ಟಿದ ಕಲಬುರಗಿಯ, ಟಿ.ಪಿ. ಅಕ್ಕಿಯವರು ಕಲಾಶಾಲೆ ಕಟ್ಟಿದ ಗದಗದ, ಹೆಬ್ಬಾರರ ಉಡುಪಿಯ ಕಲಾವಿದರೂ ಪ್ರದರ್ಶನಕ್ಕೆ ಬೆಂಗಳೂರಿನ ಕಡೆಗೇ ನೋಡಬೇಕು. ಕೇರಳದ ಲಲಿತಕಲಾ ಅಕಾಡೆಮಿ ಕೊಚ್ಚಿಯ ದರ್ಬಾರ್ ಹಾಲ್, ಕೋಯಿಕ್ಕೋಡಿನ ಆರ್ಟ್ ಗ್ಯಾಲರಿ ಹೀಗೆ ಬೇರೆ ಬೇರೆ ಊರುಗಳಲ್ಲಿ ತಾನೇ ಗ್ಯಾಲರಿಗಳನ್ನು ನಡೆಸುತ್ತದೆ. 2012ರಲ್ಲಿ ಶುರುವಾದ ಕೊಚ್ಚಿ ಬಿನಾಲೆ ಎಂಬ ದೊಡ್ಡ ಕಲಾಪ್ರದರ್ಶನಕ್ಕೆ ಆಟೊ ಚಾಲಕರು, ಮೀನುಗಾರರ ಕುಟುಂಬಗಳು ಸಲೀಸಾಗಿ ನಡೆದು ಬರುವ ದೃಶ್ಯದ ಹಿಂದೆ ಇಂಥ ಗ್ಯಾಲರಿಗಳ ರೂಢಿಯೂ ಇದೆ ಎಂದು ನನಗೆ ಅನ್ನಿಸುತ್ತದೆ.

ನಮ್ಮಲ್ಲಿ ಬಹುತೇಕ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ರಂಗಮಂದಿರಗಳಿವೆ. ಅವುಗಳ ಪಕ್ಕದ ಒಂದು ಹಾಲ್‌ಗೆ ಸರಿಯಾದ ಗೋಡೆ, ದೀಪ, ಬೀಗ, ಒಬ್ಬ ಸಿಬ್ಬಂದಿ ಇದ್ದರೆ ಗ್ಯಾಲರಿಯಾಗುತ್ತದೆ. ವೆಂಕಟಪ್ಪ ಗ್ಯಾಲರಿಯ ಸಂಗ್ರಹದಿಂದ, ಅಕಾಡೆಮಿಯ ಸಂಗ್ರಹದಿಂದ ಆಯ್ದ ಕೃತಿಗಳ ಒಳ್ಳೆಯ ಪ್ರತಿಗಳು ಅಲ್ಲಿಗೆ ಸುತ್ತು ಹೋಗಬಹುದು, ಸ್ಥಳೀಯ ಕಲಾವಿದರಿಗೆ ಉಳಿದ ದಿನಗಳಲ್ಲಿ ಹಾಲ್ ಸಿಗಬಹುದು. ಕಟ್ಟಡಕ್ಕೆ ಬೇಕಾದ ಒಂದು ಬಾರಿಯ ಖರ್ಚನ್ನು ಆಯಾ ಜಿಲ್ಲೆಯ ಕಾರ್ಖಾನೆಗಳ ಸಿಎಸ್‌ಆರ್‌ನಿಂದಲೇ ಕೇಳಬಹುದು. ಆ ದುಡ್ಡಿಗೆ ಅದು ಸರಿಯಾಗಿ ಹೊಂದುವ ಕೆಲಸ. ಸಿಬ್ಬಂದಿಯ ಸಂಬಳ ಮತ್ತು ಹಾಲ್ ಹಂಚುವ ಸಮಿತಿ ಮಾತ್ರ ಸರ್ಕಾರದ್ದಾಗಿರಬೇಕು. ಕಲಾವಿದರ ಸಂಘಗಳು ಮುಂದಿನ ಆಯವ್ಯಯಕ್ಕೆ ಮುನ್ನ ಈ ಎರಡು ಬೇಡಿಕೆಗಳನ್ನು, ಬೆಂಗಳೂರಿನ ಗ್ಯಾಲರಿಗೆ ಒಬ್ಬ ಕಾಯಂ ಕ್ಯುರೇಟರ್ ಮತ್ತು ಒಬ್ಬ ಸಂರಕ್ಷಕರ ಹುದ್ದೆಯ ಜೊತೆಗೆ, ಬರವಣಿಗೆಯಲ್ಲಿ ಇಲಾಖೆಗೆ ಸಲ್ಲಿಸಬೇಕು.